ಸೋಮವಾರದ ಕೊಸರು

"ಇದಕ್ಕೆ ಎಷ್ಟು ಕೊಡಬೇಕು?"

ಅವನು ಕೇಳಿದ್ದು ಅಷ್ಟೇ. ಆದರೆ ಕೇಳಿದ ದನಿಯಲ್ಲಿ ಎಂಥದೋ ಅಂಜಿಕೆ ಇತ್ತು. ತಟ್ಟೆ ಹಿಡಿದಿದ್ದ ಒಡಾಲಿ ಒಂದು ಕ್ಷಣ ಹಾಗೇ ನಿಂತುಬಿಟ್ಟಳು.

ತಟ್ಟೆಯಲ್ಲಿ ಇದ್ದದ್ದು ಎರಡೇ ಎರಡು ಕಲಾಸ್. ಅನ್ನ ಹಿಸುಕಿ, ಹುದುಗು ಬರಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆಪುಡಿ ಉದುರಿಸಿದ ಸಿಹಿ ಬೋಂಡಾ. ಇನ್ನೂ ಹಬೆಯಾಡುತ್ತಿತ್ತು.

"ಇದಕ್ಕೆ ದುಡ್ಡಿಲ್ಲ. ಕೊಸರು."

"ದಯವಿಟ್ಟು... ಏನಾದರೂ ಒಂದು ಬೆಲೆ ಹೇಳಿ. ಎಷ್ಟಾದರೂ ಪರವಾಗಿಲ್ಲ."

"ಹೊರಗಿನವರಾ ನೀವು?"

"ಮಿಸಿಸಿಪ್ಪಿಯಿಂದ ಬಂದು ಎರಡು ತಿಂಗಳಾಯ್ತು."

ಅದಕ್ಕೇ! ಒಡಾಲಿಗೆ ಒಳಗೊಳಗೇ ನಗು ಬಂತು. ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದವರು ಯಾರೂ ಕೊಸರಿಗೆ ಬೆಲೆ ಕೇಳುವುದಿಲ್ಲ. ಲಾನ್ಯಾಪ್ ಅನ್ನುತ್ತಾರೆ ಅಲ್ಲಿ. ಮೀನು ಕೊಂಡರೆ ಒಂದು ಹಿಡಿ ಸೀಗಡಿ, ಬ್ರೆಡ್ ಕೊಂಡರೆ ಒಂದು ಬನ್ನು, ಯಾರೂ ಕೇಳದೆ, ಯಾರೂ ಲೆಕ್ಕವಿಡದೆ ಕೈಗೆ ಬಂದು ಬೀಳುತ್ತದೆ. ರೂಸೆವ್ ಊಟದ ಮನೆಯಲ್ಲಂತೂ ಒಡಾಲಿಯ ಅಜ್ಜಿ ಫಿಲೊಮೀನ್ ಐವತ್ತು ವರ್ಷದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಮೊದಲ ಸಲ ಉಂಡವರು ಕೊಸರಿಲ್ಲದೆ ಹೊಸಿಲು ದಾಟಬಾರದು.

"ಕೊಸರು ಬೇಡ ಅಂದ್ರೆ ಮನೆಯವರಿಗೆ ಅವಮಾನ ಮಾಡಿದ ಹಾಗೆ," ಅಂದಳು ಒಡಾಲಿ. ಅವಳ ಕೆನ್ನೆಯ ಮೇಲೆ ಹಿಟ್ಟು ಮೆತ್ತಿಕೊಂಡಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಅವನು ಬೋಂಡಾಗಳನ್ನು ನೋಡಿದ. ಅವಳ ಮುಖ ನೋಡಿದ. ಮೇಜಿನ ಮೇಲೆ ತೆರೆದಿಟ್ಟಿದ್ದ ಪುಟ್ಟ ನೋಟ್‌ಬುಕ್ಕನ್ನು ನೋಡಿದ. ಕಿಟಕಿಯಾಚೆ ಓಕ್ ಮರದ ಕೊಂಬೆಗೆ, ಯಾವುದೋ ವರ್ಷದ ಕಾರ್ನಿವಲ್‌ನಲ್ಲಿ ಎಸೆದ ಮಣಿಸರ ಒಂದು ಸಿಕ್ಕಿಕೊಂಡು ಗಾಳಿಗೆ ತೂಗುತ್ತಿತ್ತು. ಅದನ್ನೂ ಅಷ್ಟು ಹೊತ್ತು ನೋಡಿದ.

ಎರಡು ಬೋಂಡಾ ಒಪ್ಪಿಕೊಳ್ಳೋಕೆ ಒಬ್ಬ ಮನುಷ್ಯನಿಗೆ ಇಷ್ಟು ಹೊತ್ತು ಬೇಕಾ?

ಕೊನೆಗೆ ಅವನು ಪೆನ್ನು ತೆಗೆದು, ನೋಟ್‌ಬುಕ್ಕಿನಲ್ಲಿ ಏನೋ ಒಂದು ಗೀಟು ಎಳೆದ. ಆಮೇಲೆ ಒಂದು ಬೋಂಡಾ ಎತ್ತಿಕೊಂಡು ಬಾಯಿಗಿಟ್ಟ. ಕಣ್ಣು ಮುಚ್ಚಿದ.

ಅವನ ಮೂಗಿನ ತುದಿಗೆ ಸಕ್ಕರೆ ಅಂಟಿತು. ಯಾಕೋ, ಒಡಾಲಿಗೆ ಅದನ್ನು ಒರೆಸಬೇಕು ಅನ್ನಿಸಿತು. ಅನ್ನಿಸಿದ್ದೇ ತಡ ಗಾಬರಿಯಾಗಿ, ತಿರುಗಿ ಅಡುಗೆಮನೆಗೆ ಓಡಿದಳು.

*

ಅವನ ಹೆಸರು ಆಂಬ್ರೋಸ್ ವೀಲ್. ಅದನ್ನು ಪತ್ತೆ ಮಾಡಿಕೊಂಡು ಬಂದವರು ಅಲ್ಸೀ ಮಾಮ. ಎಪ್ಪತ್ತು ದಾಟಿದ್ದರೂ ಬಡಿಸುವ ಕೆಲಸ ಬಿಡದ, ಕೇಳದಿದ್ದರೂ ಸುದ್ದಿ ಹೇಳುವ ಅಲ್ಸೀ ಮಾಮ.

ಆ ನವೆಂಬರ್ ಸೋಮವಾರ ಅವನು ಬಂದು ಕುಳಿತವನೇ ಹಸಿರು ಗಂಬೋ ಕೇಳಿದನಂತೆ. ಅಲ್ಸೀ ಮಾಮ ನಕ್ಕು ನಕ್ಕು ಸುಸ್ತಾದರಂತೆ. ಒಂಬತ್ತು ಬಗೆಯ ಸೊಪ್ಪು ಬೇಯಿಸಿ ಮಾಡುವ ಆ ಗಂಬೋ ವರ್ಷಕ್ಕೆ ಒಂದೇ ದಿನ, ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ. ಸೋಮವಾರವೆಂದರೆ ಇಡೀ ಊರಿಗೇ ಕೆಂಪು ಬೀನ್ಸ್ ಮತ್ತು ಅನ್ನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ. ಹೆಂಗಸರು ಬೀನ್ಸನ್ನು ಸಣ್ಣ ಉರಿಯಲ್ಲಿಟ್ಟು ಒಗೆಯಲು ಹೋಗುತ್ತಿದ್ದರು. ಬಟ್ಟೆ ಒಗೆಯೋಕೆ ಮೆಷಿನ್ ಬಂತು, ಬೀನ್ಸ್ ಮಾತ್ರ ಹೋಗಲಿಲ್ಲ.

"ಗುರುವಾರದ ಸಾರನ್ನ ಸೋಮವಾರ ಕೇಳೋ ಗಂಡಸು. ನೋಡಿಕೋ ಮಗಳೇ," ಅಂದಿದ್ದರು ಅಲ್ಸೀ ಮಾಮ.

ಮುಂದಿನ ಸೋಮವಾರ ಅವನು ಮತ್ತೆ ಬಂದ. ಅದರ ಮುಂದಿನ ಸೋಮವಾರವೂ.

ಮೊದಲ ಸಲದ ಕೊಸರು ಮನೆಯ ಪದ್ಧತಿ. ಎರಡನೇ ಸಲದ್ದು? ಮೂರನೇ ಸಲದ್ದು? ಒಡಾಲಿ ತನ್ನನ್ನೇ ಕೇಳಿಕೊಂಡು, ಉತ್ತರ ಬರುವ ಮೊದಲೇ ಎಣ್ಣೆ ಕಾಯಲು ಇಡುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ವರ್ಷ ಅವಳಿಗೆ ಯಾವುದರ ಮೇಲೂ ಧೈರ್ಯವಿರಲಿಲ್ಲ. ಬೇಸಿಗೆಯಲ್ಲಿ ಅಜ್ಜಿಯ ಕೈ ನಡುಗಲು ಶುರುವಾಗಿ, ಒಂದು ಬೆಳಿಗ್ಗೆ ಅವಳು ಮರದ ಸೌಟನ್ನು ಮೊಮ್ಮಗಳ ಕೈಗೆ ಕೊಟ್ಟು, ಏಪ್ರನ್ ಬಿಚ್ಚಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದಳು. ಅಂದಿನಿಂದ ಒಡಾಲಿ ಪ್ರತಿ ಪಾತ್ರೆಯನ್ನೂ ಮೂರು ಸಲ ರುಚಿ ನೋಡುತ್ತಿದ್ದಳು. ಗಂಬೋಗೆ ಹಿಟ್ಟು ಹುರಿಯುವಾಗ ಸೀದೀತೆಂಬ ಹೆದರಿಕೆಗೆ ಒಂದು ಗಳಿಗೆ ಮೊದಲೇ ಇಳಿಸಿಬಿಡುತ್ತಿದ್ದಳು. ಆಮೇಲೆ ಇಡೀ ದಿನ ಕೊರಗು.

ಅಜ್ಜಿಯ ಕೈ ಐವತ್ತು ವರ್ಷ ಪಳಗಿದ್ದು. ನನ್ನದು ಇಪ್ಪತ್ತೆಂಟು ವರ್ಷದ ಕೈ. ಜನ ಸುಮ್ಮನೆ ದಾಕ್ಷಿಣ್ಯಕ್ಕೆ ತಿಂದು ಹೋಗುತ್ತಿದ್ದಾರೇನೋ...

ಆಂಬ್ರೋಸ್ ಹೊಗಳುತ್ತಿರಲಿಲ್ಲ. ಚೆನ್ನಾಗಿದೆ ಎಂಬ ಒಂದು ಮಾತನ್ನೂ ಅವನು ಆಡಿದ್ದಿಲ್ಲ. ಆದರೆ ತಟ್ಟೆಯನ್ನು ಜೋಳದ ಬ್ರೆಡ್ಡಿನಿಂದ ಒರೆಸಿ ತಿಂದು, ಆ ವಾರ ತಾನು ಎಲ್ಲೆಲ್ಲಿ ಉಂಡೆ ಅಂತ ಹೇಳುತ್ತಾ ಕೂರುತ್ತಿದ್ದ.

ಆ ಮಾತುಗಳಿಗಾಗಿ ಒಡಾಲಿ ವಾರವಿಡೀ ಕಾಯತೊಡಗಿದಳು. ಊರಿಗೇ ಉಣ್ಣಿಸುವ ಮನೆಯಲ್ಲಿ ಹುಟ್ಟಿದವಳು ತಾನು ಹೊರಗೆ ಹೋಗಿ ಉಂಡದ್ದೇ ಕಡಿಮೆ. ಅವನು ಹೇಳುತ್ತಿದ್ದ. ಹಳೇ ಪೇಟೆಯ ಓಣಿಯೊಂದರಲ್ಲಿ ಅಮೃತಶಿಲೆಯ ಕಟ್ಟೆಗೆ ಒರಗಿ ನಿಂತೇ ತಿನ್ನುವ ಸಿಂಪಿ. ಇಬ್ಬರು ಅಕ್ಕತಂಗಿಯರು ಮಾತಿಲ್ಲದೆ ಜಗಳವಾಡುತ್ತಾ ಬೇಯಿಸುವ ಬೆಂಡೆಕಾಯಿ-ಸೀಗಡಿ. ನದಿದಂಡೆಯ ಏರಿಯ ಕೆಳಗೆ ತಗಡಿನ ಮನೆಯೊಂದರಲ್ಲಿ, ಕರೆದಾಗಷ್ಟೇ ಬಾಗಿಲು ತೆಗೆಯುವ ಮುದುಕನ ಆಮೆ ಸೂಪು.

ಅವನು ಹೇಳುತ್ತಿದ್ದರೆ ಅಡುಗೆಮನೆಯ ಗೋಡೆಗಳು ಮಂಜಿನ ಹಾಗೆ ಕರಗಿ, ಅವಳು ಅವನ ಪಕ್ಕದಲ್ಲಿ ಆ ಓಣಿಗಳಲ್ಲಿ ನಡೆಯುತ್ತಿರುವಂತೆ ಅನ್ನಿಸುತ್ತಿತ್ತು.

ಒಮ್ಮೆ ಕೇಳಿಯೇಬಿಟ್ಟಳು. ಇಷ್ಟೆಲ್ಲಾ ಕಡೆ ಯಾಕೆ ತಿರುಗ್ತೀರಿ?

ಅವನು ತನ್ನ ತಾಯಿಯ ಕಥೆ ಹೇಳಿದ. ಮಿಸಿಸಿಪ್ಪಿಯ ಹೆದ್ದಾರಿ ಬದಿಯ ಊಟದಂಗಡಿಯಲ್ಲಿ ಅಡುಗೆಯವಳಾಗಿದ್ದಳಂತೆ. ಹರೆಯದಲ್ಲಿ ಒಂದೇ ಒಂದು ಸಲ ನ್ಯೂ ಆರ್ಲಿಯನ್ಸಿಗೆ ಬಂದಾಗ ಯಾರದೋ ಮನೆಯಲ್ಲಿ ಹಸಿರು ಗಂಬೋ ಉಂಡಿದ್ದಳಂತೆ. ಆಮೇಲೆ ಸಾಯುವವರೆಗೂ ಪ್ರತಿ ಸಲ ಸೊಪ್ಪು ಬೇಯಿಸುವಾಗ, "ಅದರ ಹತ್ತಿರ ಬಂತು, ಆದ್ರೆ ಅದಲ್ಲ" ಅನ್ನುತ್ತಿದ್ದಳಂತೆ. ಉಂಡ ಜಾಗದ ಹೆಸರು ಅವಳಿಗೆ ನೆನಪಿರಲಿಲ್ಲ.

"ಹಾಗಾದ್ರೆ ಪವಿತ್ರ ಗುರುವಾರ ಬನ್ನಿ," ಅಂದಳು ಒಡಾಲಿ ಮೆಲ್ಲಗೆ.

"ಖಂಡಿತ ಬರ್ತೀನಿ. ಏನಾದರೂ ಆಗಲಿ, ಆ ದಿನ ಬಂದೇ ಬರ್ತೀನಿ."

*

ಜನವರಿಯ ಒಂದು ಮಂಗಳವಾರ. ರೂಸೆವ್ ಮನೆಗೆ ವಾರದ ರಜೆ.

ಆಂಬ್ರೋಸ್ ಅವಳನ್ನು ದೋಣಿಯಲ್ಲಿ ನದಿಯಾಚೆಯ ಬಡಾವಣೆ ಆಲ್ಜಿಯರ್ಸ್‌ಗೆ ಕರೆದೊಯ್ದ. ನದಿಯ ಮೇಲೆ ಮಂಜು ಹತ್ತಿಯ ಹಾಗೆ ಕುಳಿತಿತ್ತು. ಹಿಂದಿನ ದಡ ಕಾಣುತ್ತಿರಲಿಲ್ಲ, ಮುಂದಿನದೂ ಕಾಣುತ್ತಿರಲಿಲ್ಲ. ಎಲ್ಲಿಂದಲೋ ಒಂದು ಹಡಗು ಹಸುವಿನ ಹಾಗೆ ದೀರ್ಘವಾಗಿ ಕೂಗಿತು. ಕಟಕಟೆ ಹಿಡಿದಿದ್ದ ಅವಳ ಕೈಯ ಪಕ್ಕದಲ್ಲಿ ಅವನ ಕೈ. ನಡುವೆ ಒಂದು ಬೆರಳಿನಷ್ಟು ಜಾಗ.

ಆ ಒಂದು ಬೆರಳಿನ ಜಾಗವನ್ನು ಇಬ್ಬರೂ ದಾಟಲಿಲ್ಲ. ಆದರೆ ಇಬ್ಬರೂ ಅದನ್ನು ಬಿಟ್ಟು ಬೇರೇನನ್ನೂ ಯೋಚಿಸಲಿಲ್ಲ.

ಅಲ್ಲಿ ಮರದ ಬೆಂಚುಗಳ ಪುಟ್ಟ ಊಟದಂಗಡಿ. ನ್ಯೂ ಆರ್ಲಿಯನ್ಸಿನ ಕ್ರಿಯೋಲ್ ಅಡುಗೆಯಲ್ಲ, ಅವನೂರಿನ ಕಡೆಯದು. ಕರಿದ ಕೋಳಿ, ಬೆಣ್ಣೆಯಲ್ಲಿ ಬೇಯಿಸಿದ ಅವರೆ, ಹೊಗೆಯಾಡಿಸಿದ ಮಾಂಸದ ಮೂಳೆ ಹಾಕಿ ಕುದಿಸಿದ ಸೊಪ್ಪು. ಒಡಾಲಿ ಸೊಪ್ಪಿನ ರಸವನ್ನು ಬಟ್ಟಲೆತ್ತಿ ಕುಡಿದಳು. ಕಣ್ಣರಳಿಸಿ, ಇದು ನಮ್ಮ ಗಂಬೋಗೆ ದೊಡ್ಡಮ್ಮನ ಮಗಳಾಗಬೇಕು ಅಂದಳು. ಆಂಬ್ರೋಸ್ ಅಷ್ಟು ಜೋರಾಗಿ ನಕ್ಕದ್ದನ್ನು ಅವಳು ಅಂದೇ ಮೊದಲು ಕಂಡದ್ದು.

ಹೊರಡುವಾಗ ಅಂಗಡಿಯ ಹೆಂಗಸು ಇಬ್ಬರ ಮುಖವನ್ನೂ ನೋಡಿ, ಏನನ್ನೋ ಅರ್ಥ ಮಾಡಿಕೊಂಡವಳಂತೆ, ಸಿಹಿಗೆಣಸಿನ ಪೈ ಒಂದು ತುಂಡು ತಂದಿಟ್ಟಳು. ದುಡ್ಡು ಬೇಡ, ನನ್ನ ಲೆಕ್ಕದಲ್ಲಿ ಅಂದಳು.

ಆಂಬ್ರೋಸ್ ನಯವಾಗಿಯೇ ತಲೆಯಾಡಿಸಿ, ಪೈಯ ದುಡ್ಡನ್ನು ತಟ್ಟೆಯ ಕೆಳಗಿಟ್ಟ. ಹೆಂಗಸು ಎಷ್ಟು ಹೇಳಿದರೂ ಕೇಳಲಿಲ್ಲ.

ಮರಳಿ ಬರುವಾಗ ದೋಣಿಯಲ್ಲಿ ಒಡಾಲಿಗೆ ಅದೇ ಯೋಚನೆ. ಆ ಹೆಂಗಸಿನ ಕೊಸರು ತೆಗೆದುಕೊಳ್ಳಲಿಲ್ಲ. ನನ್ನದನ್ನು ಮಾತ್ರ ವಾರವಾರವೂ ತಗೋತಾನೆ... ಎದೆಯೊಳಗೆ ಏನೋ ಬೆಚ್ಚಗೆ ಉಬ್ಬಿತು, ಹುದುಗು ಬಂದ ಹಿಟ್ಟಿನ ಹಾಗೆ.

ಯಾಕೆ ಅಂತ ಕೇಳಬೇಕಿತ್ತು. ಆದರೆ ಕನಸಿನಲ್ಲಿರುವವರು ಪ್ರಶ್ನೆ ಕೇಳುತ್ತಾರೆಯೇ?

*

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ಚರ್ಚಿನಿಂದ ಬರುವಾಗ ಅಲ್ಸೀ ಮಾಮನ ಕೈಯಲ್ಲಿ ಪತ್ರಿಕೆ ಇತ್ತು. ಅವರ ಬಾಯಲ್ಲಿ ಮಾತಿರಲಿಲ್ಲ. ಅದರಿಂದಲೇ ಏನೋ ಆಗಿದೆ ಎಂದು ಒಡಾಲಿಗೆ ತಿಳಿದುಹೋಯಿತು.

ವರ್ಷಕ್ಕೊಮ್ಮೆ ಆ ಪತ್ರಿಕೆಯಲ್ಲಿ "ಊರಲ್ಲಿ ಎಲ್ಲಿ ಉಣ್ಣಬೇಕು" ಎಂಬ ಪಟ್ಟಿ ಬರುತ್ತಿತ್ತು. ಮೂವತ್ತು ಹೆಸರು. ಬರೆಯುವವನ ಹೆಸರು ಬರೀ "ಹಸಿದವನು". ಅವನ ಮುಖ ಯಾರಿಗೂ ಗೊತ್ತಿಲ್ಲ. ಹನ್ನೊಂದು ವರ್ಷ ಬಿಡದೆ ಆ ಪಟ್ಟಿಯಲ್ಲಿ ರೂಸೆವ್ ಮನೆ ಇತ್ತು.

ಈ ವರ್ಷ ಇರಲಿಲ್ಲ.

ಒಡಾಲಿ ಮೂರು ಸಲ ಓದಿದಳು, ಹೆಸರುಗಳನ್ನು ಮಾತ್ರ. ಸಿಂಪಿಯ ಕಟ್ಟೆ ಇತ್ತು. ಅಕ್ಕತಂಗಿಯರ ಬೆಂಡೆಕಾಯಿ ಇತ್ತು. ತಗಡಿನ ಮನೆಯ ಮುದುಕ, ಆಲ್ಜಿಯರ್ಸ್‌ನ ಕರಿದ ಕೋಳಿ, ಎಲ್ಲವೂ ಇದ್ದವು. ಮೂವತ್ತರಲ್ಲಿ ಅವಳಿಲ್ಲ.

ಅಜ್ಜಿ ಸೌಟು ಕೊಟ್ಟ ಮೊದಲನೇ ವರ್ಷವೇ...

ಅವಳು ಅಳಲಿಲ್ಲ. ಪತ್ರಿಕೆಯನ್ನು ನೀಟಾಗಿ ಮಡಿಸಿ ಹಳೇ ಕಾಗದಗಳ ಕಟ್ಟಿನ ಮೇಲಿಟ್ಟಳು. ಸಂಜೆ ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು ಹೇಳಿದಳು.

"ಗುರುವಾರದ ಗಂಬೋ ಒಂದು ಮಾಡ್ತೀನಿ ಅಜ್ಜಿ. ನಿನ್ನ ಮಾನಕ್ಕೆ. ಆಮೇಲೆ ಬಾಗಿಲು ಹಾಕಿಬಿಡೋಣ."

ಅಜ್ಜಿ ಅವಳ ತಲೆ ನೇವರಿಸಿದಳು.

"ಸೌಟು ನಿನ್ನ ಕೈಯಲ್ಲಿದೆ ಕಣೇ. ತೀರ್ಮಾನವೂ ನಿಂದೇ," ಅಂದಳು. ಆ ದನಿ ಒಂದೇ ದಿನದಲ್ಲಿ ಹತ್ತು ವರ್ಷ ಹಳೆಯದಾಗಿತ್ತು.

ಸೋಮವಾರ ಮಧ್ಯಾಹ್ನ ಆಂಬ್ರೋಸ್ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಒಡಾಲಿ ತಾನೇ ಬೀನ್ಸ್ ತಂದು ಅವನ ಮುಂದಿಟ್ಟಳು. ದುಃಖ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅವನೊಬ್ಬನೇ. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

"ಆ ಪಟ್ಟಿ ಬರೆದವನು ನಾನು, ಒಡಾಲಿ. ಹಳೇ ಬರಹಗಾರರು ಕೆಲಸ ಬಿಟ್ಟರು. ಈ ವರ್ಷದಿಂದ ನಾನು."

ಅಂಗಡಿಯ ಗದ್ದಲವೆಲ್ಲ ಎಲ್ಲೋ ದೂರ ಹೋಯಿತು.

ಇಪ್ಪತ್ತು ಸೋಮವಾರ! ನನ್ನ ಪ್ರತಿ ತುತ್ತನ್ನೂ ತೂಗಿ ನೋಡುತ್ತಿದ್ದನೇ? ನಾನು ಬೋಂಡಾ ಕರಿದು ತಂದಾಗಲೆಲ್ಲ ಒಳಗೊಳಗೆ ಅಂಕ ಹಾಕುತ್ತಿದ್ದನೇ?

"ಅದಕ್ಕೊಂದು ಕಾರಣ ಇದೆ..."

"ರುಚಿ ಹತ್ತಲಿಲ್ಲ ಅನ್ನೋದು ಬಿಟ್ಟು ಬೇರೆ ಕಾರಣ ಇರುತ್ತಾ?" ಅವಳ ದನಿ ಏರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು. "ಅದನ್ನ ಮೊದಲನೇ ದಿನವೇ ಹೇಳಬಹುದಿತ್ತು. ಇಷ್ಟು ದಿನ ಬಂದು ಕೂತು, ನನ್ನನ್ನ ದೋಣಿ ಹತ್ತಿಸಿ... ಕೊಸರು ನೆಂಟರಿಗೆ ಕೊಡೋದು ಆಂಬ್ರೋಸ್. ಪರೀಕ್ಷೆ ಮಾಡೋಕೆ ಬಂದವರಿಗಲ್ಲ."

ಅಂದು ತಟ್ಟೆಯಲ್ಲಿ ಬೋಂಡಾ ಇರಲಿಲ್ಲ.

ಅವನು ಏನೋ ಹೇಳಲು ಹೊರಟು, ಸುತ್ತಲಿನ ಮೇಜುಗಳ ಕಿವಿಗಳನ್ನು ಕಂಡು, ಸುಮ್ಮನಾದ. ಬೀನ್ಸನ್ನು ಪೂರ್ತಿ ತಿಂದ, ಒಂದು ಕಾಳೂ ಬಿಡದೆ. ದುಡ್ಡಿಟ್ಟು ಎದ್ದುಹೋದ. ಬಾಗಿಲ ಬಳಿ ಅಜ್ಜಿಗೆ ಟೋಪಿ ತೆಗೆದು ತಲೆಬಾಗಿದ್ದನ್ನು ಒಡಾಲಿ ನೋಡಲಿಲ್ಲ. ಅವಳು ಅಡುಗೆಮನೆಯಲ್ಲಿ, ಹಸಿ ಈರುಳ್ಳಿಯ ರಾಶಿಯ ಮುಂದೆ ನಿಂತಿದ್ದಳು. ಕಣ್ಣೀರಿಗೆ ಅಷ್ಟು ಒಳ್ಳೆಯ ನೆಪ ಬೇರೆ ಸಿಗುತ್ತಿರಲಿಲ್ಲ.

*

ಬುಧವಾರ ಸೊಪ್ಪು ಬಿಡಿಸುವ ದಿನ.

ಉದ್ದ ಮೇಜಿನ ಮೇಲೆ ಹಳೇ ಪತ್ರಿಕೆಗಳನ್ನು ಹಾಸಿ, ಬುಟ್ಟಿ ಬುಟ್ಟಿ ಸೊಪ್ಪು ಸುರಿದಿದ್ದರು. ಸಾಸಿವೆ, ಪಾಲಕ್, ಎಲೆಕೋಸು, ಕೊಲಾರ್ಡ್. ಟರ್ನಿಪ್, ಬೀಟ್‌ರೂಟ್, ಕ್ಯಾರೆಟ್‌ನ ಎಲೆಗಳು. ನೀರಿನಂಚಿನ ಕ್ರೆಸ್ ಸೊಪ್ಪು. ಕೊನೆಗೆ, ರೈಲು ಹಳಿಯ ಬದಿಯಲ್ಲಿ ತಾನಾಗಿ ಬೆಳೆಯುವ ಖಾರದ ಕಾಡುಸೊಪ್ಪು. ಒಟ್ಟು ಒಂಬತ್ತು. ಲೆಕ್ಕ ಬೆಸವಾಗಿರಲೇಬೇಕು. ಹಾಕಿದ ಒಂದೊಂದು ಸೊಪ್ಪಿಗೂ ಆ ವರ್ಷ ಒಬ್ಬೊಬ್ಬ ಹೊಸ ಸ್ನೇಹಿತರು ಸಿಗುತ್ತಾರೆ ಎಂಬ ನಂಬಿಕೆ ಅಲ್ಲಿಯವರದು.

ಕಿಟಕಿಯಿಂದ ಬಿಸಿಲು ಹಸಿರಾಗಿ ಒಳಗೆ ಬೀಳುತ್ತಿತ್ತು. ಇಡೀ ಕೋಣೆ ಕೆರೆಯ ತಳದಂತಿತ್ತು. ಅಜ್ಜಿ ನಡುಗುವ ಬೆರಳುಗಳಿಂದಲೇ ಎಲೆ ಬಿಡಿಸುತ್ತಿದ್ದಳು. ಸೊಪ್ಪಿನ ರಾಶಿ ಕರಗುತ್ತಾ ಬಂದಂತೆ ಕೆಳಗಿನ ಪತ್ರಿಕೆ ತೇವವಾಗಿ ಮೇಲೆ ಕಾಣಿಸಿತು. ಅಜ್ಜಿ ಎಂದಿನಂತೆ ಭೂತಗನ್ನಡಿ ತೆಗೆದಳು. ಪತ್ರಿಕೆ ಎಷ್ಟು ಹಳೆಯದಾದರೂ, ಮರಣದ ಸುದ್ದಿಯಿಂದ ಔಷಧದ ಜಾಹೀರಾತಿನವರೆಗೆ ಒಂದಕ್ಷರ ಬಿಡದೆ ಓದುವುದು ಅವಳ ಚಟ.

"ಒಡಾಲಿ. ಈ ಪಟ್ಟಿಯನ್ನ ಕೊನೇವರೆಗೂ ಓದಿದ್ಯಾ?"

"ಮೂರು ಸಲ ಓದಿದೆ ಅಜ್ಜಿ. ಸಾಕು."

"ಹೆಸರು ಓದಿದ್ದೀಯ. ಅದರ ಕೆಳಗೆ ಇರುವೆ ಗಾತ್ರದ ಅಕ್ಷರ ಇದೆಯಲ್ಲ, ಅದನ್ನ ಓದು."

ಬೀಟ್‌ರೂಟ್ ಎಲೆಯೊಂದು ಅಂಟಿಕೊಂಡು ಅರ್ಧ ಮುಚ್ಚಿತ್ತು. ಒಡಾಲಿ ಅದನ್ನು ಮೆಲ್ಲಗೆ ಬಿಡಿಸಿದಳು.

"ಓದುಗರಿಗೆ ಒಂದು ಮಾತು. ದುಡ್ಡು ಕೊಡದೆ ಒಂದು ತುತ್ತು ತಿಂದರೂ ಆ ಮನೆಯ ಬಗ್ಗೆ ನಾನು ಬರೆಯುವುದಿಲ್ಲ. ಈ ವರ್ಷ ಅಂಥ ಮನೆ ಒಂದಿದೆ. ಅಲ್ಲಿ ಕೊಟ್ಟದ್ದನ್ನು ಬೇಡವೆನ್ನಲು ನನ್ನಿಂದ ಆಗಲಿಲ್ಲ. ಆದ್ದರಿಂದ ಅದು ಪಟ್ಟಿಯಲ್ಲಿಲ್ಲ. ಇದ್ದಿದ್ದರೆ ಎಲ್ಲಿರುತ್ತಿತ್ತು ಎಂದು ಹೇಳುವ ಹಕ್ಕನ್ನೂ ಕಳೆದುಕೊಂಡಿದ್ದೇನೆ. ತಪ್ಪು ನನ್ನದು. ಮತ್ತೆ ಕೊಟ್ಟರೆ ಮತ್ತೆ ತಿನ್ನುತ್ತೇನೆ."

ಒಡಾಲಿಯ ಕೈಯಲ್ಲಿದ್ದ ಎಲೆ ಜಾರಿ ಬಿತ್ತು.

ಇದಕ್ಕೆ ಎಷ್ಟು ಕೊಡಬೇಕು... ಏನಾದರೂ ಒಂದು ಬೆಲೆ ಹೇಳಿ... ಆ ಮೊದಲ ದಿನದ ಅಂಜಿಕೆಯ ದನಿ. ನೋಟ್‌ಬುಕ್ಕಿನ ಗೀಟು. ಆಲ್ಜಿಯರ್ಸ್‌ನಲ್ಲಿ ತಟ್ಟೆಯ ಕೆಳಗಿಟ್ಟ ಪೈಯ ದುಡ್ಡು. ಎಲ್ಲವೂ ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದು ನಿಂತವು.

"ಹಳೇ ಹಸಿದವನು ಹೀಗಿರಲಿಲ್ಲ ಕಣೇ," ಅಜ್ಜಿ ನಿಟ್ಟುಸಿರಿಟ್ಟಳು. "ಕೊಸರು ತಿಂದು, ಹೆಂಡತಿಗೂ ಅಂತ ಕಟ್ಟಿಸಿಕೊಂಡು ಹೋಗ್ತಿದ್ದ. ಮುಖ ಗೊತ್ತಿಲ್ಲ ಅಂತ ನಾವೆಲ್ಲ ನಟಿಸ್ತಿದ್ವಿ. ಈ ಮಿಸಿಸಿಪ್ಪಿಯವನಿಗೆ ಊರಿನ ರೀತಿ ಗೊತ್ತಿಲ್ಲ. ಪಾಪ, ಎರಡು ಬೋಂಡಾಗೆ ಎಷ್ಟು ದೊಡ್ಡ ಶಿಕ್ಷೆ ಹಾಕ್ಕೊಂಡಿದ್ದಾನೆ."

"ನನಗೂ ಹಾಕಿದ್ದಾನಲ್ಲ ಅಜ್ಜಿ." ಒಡಾಲಿ ಪತ್ರಿಕೆಯ ಮೇಲಿನ ತೇವ ಒರೆಸಿದಳು. "ನಾನು ಅವನ ಮಾತು ಪೂರ್ತಿ ಕೇಳಲೇ ಇಲ್ಲ. ನಾಳೆ ಬರ್ತಾನಾ?"

ಅಜ್ಜಿ ಖಾರದ ಸೊಪ್ಪಿನ ಕಟ್ಟನ್ನು ಅವಳತ್ತ ತಳ್ಳಿದಳು.

*

ಪವಿತ್ರ ಗುರುವಾರ ಬೆಳಿಗ್ಗೆ ಹಿಟ್ಟು ಹುರಿಯುವಾಗ ಒಡಾಲಿಯ ಕೈ ಎಂದಿನ ಗಳಿಗೆಯಲ್ಲಿ ಪಾತ್ರೆಯತ್ತ ಹೋಯಿತು. ನಿಂತಿತು. ಇನ್ನೊಂದು ಸ್ವಲ್ಪ... ಇನ್ನೊಂದೇ ಸ್ವಲ್ಪ... ಹಿಟ್ಟು ಅಜ್ಜಿಯ ಕಾಲದ ಬಣ್ಣಕ್ಕೆ ತಿರುಗಿದಾಗ ಇಳಿಸಿದಳು. ಸೀಯಲಿಲ್ಲ.

ಹನ್ನೊಂದಕ್ಕೆ ಬಾಗಿಲು ತೆರೆದಾಗ ಸಾಲು ಬೀದಿಯ ತಿರುವು ದಾಟಿತ್ತು. ಚರ್ಚಿನ ಹೆಂಗಸರು, ಟ್ರಾಮ್ ಓಡಿಸುವವರು, ಕಹಳೆಯ ಪೆಟ್ಟಿಗೆ ಹೊತ್ತ ಬ್ಯಾಂಡಿನವರು. ಒಡಾಲಿ ಬಡಿಸಿ ಕಳಿಸುತ್ತಲೇ ಇದ್ದಳು. ಬಾಗಿಲ ಗಂಟೆ ಸದ್ದಾದಾಗಲೆಲ್ಲ ತಲೆಯೆತ್ತುತ್ತಿದ್ದಳು. ಹನ್ನೆರಡಾಯಿತು. ಒಂದಾಯಿತು. ದೊಡ್ಡ ಪಾತ್ರೆಯ ತಳ ಕಾಣತೊಡಗಿತು.

ಬರಲಿಲ್ಲ. ಬರುವುದಾದರೂ ಹೇಗೆ? ನೆಂಟನಲ್ಲ ಅಂತ ಎಲ್ಲರೆದುರು ಅಂದೆನಲ್ಲ...

ಎರಡು ಗಂಟೆಯ ಹೊತ್ತಿಗೆ ಅಲ್ಸೀ ಮಾಮ ಖಾಲಿ ಬಟ್ಟಲುಗಳ ರಾಶಿಯೊಂದಿಗೆ ಒಳಗೆ ಬಂದರು. ಅವರ ಮುಖದಲ್ಲಿ ತಡೆದಿಟ್ಟ ನಗು ಇತ್ತು.

ಹೊರಗೊಬ್ಬ ಹುಚ್ಚ ಇದ್ದಾನೆ ಅಂದರು. ಬೆಳಿಗ್ಗೆ ಹತ್ತೂವರೆಗೇ ಬಂದವನು. ಸಾಲಿನಲ್ಲಿ ನಿಂತು ಮೆಟ್ಟಿಲವರೆಗೆ ಬರುವುದು, ಬಾಗಿಲು ಬಂದಾಗ ಹಿಂದಿನವರಿಗೆ ಜಾಗ ಬಿಟ್ಟು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವುದು. ಈಗ ಐದನೇ ಸುತ್ತು.

"ಕಂದು ಕೋಟಿನವನು. ಹೋಗಿ ಕರೀತೀಯೋ, ಇಲ್ಲಾ ಆರನೇ ಸುತ್ತೂ ಹಾಕಿಸ್ತೀಯೋ?"

ಒಡಾಲಿ ಸೌಟು ಕೈಯಲ್ಲಿ ಹಿಡಿದುಕೊಂಡೇ ಓಡಿದಳು.

ಓಕ್ ಮರದ ಕೆಳಗೆ, ಮಣಿಸರ ತೂಗುವ ಕೊಂಬೆಯಡಿ ಅವನು ನಿಂತಿದ್ದ. ಅವಳನ್ನು ಕಂಡೊಡನೆ ಟೋಪಿ ತೆಗೆದ. ಸಾಲಿನಲ್ಲಿ ಉಳಿದಿದ್ದ ಏಳೆಂಟು ಜನ ಹಸಿವು ಮರೆತು ನೋಡತೊಡಗಿದರು.

"ಬರ್ತೀನಿ ಅಂದಿದ್ದೆ," ಅವನೆಂದ. "ಒಳಗೆ ಬರೋಕೆ ಧೈರ್ಯ ಬರಲಿಲ್ಲ."

"ಅದನ್ನ ಓದಿದೆ. ಪಟ್ಟಿಯ ಕೆಳಗಿನದ್ದು." ಅವಳಿಗೆ ಉಸಿರು ಸಾಲುತ್ತಿರಲಿಲ್ಲ. "ಮೊದಲನೇ ದಿನವೇ ಯಾಕೆ ಹೇಳಲಿಲ್ಲ? ಆ ಬೋಂಡಾ ತಿಂದ್ರೆ ನಮ್ಮ ಮನೆ ಪಟ್ಟಿಯಿಂದ ಹೋಗುತ್ತೆ ಅಂತ ಒಂದು ಮಾತು ಹೇಳಿದ್ದಿದ್ರೆ, ನಾನೇ ತಟ್ಟೆ ವಾಪಸ್ ತಗೊಂಡು ಹೋಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ. ತಟ್ಟೆ ತಗೊಂಡು ನೀವು ಒಳಗೆ ಹೋಗಿಬಿಡ್ತಿದ್ರಿ." ಅವನು ಟೋಪಿಯ ಅಂಚನ್ನು ತಿರುಗಿಸಿದ. "ತನ್ನ ಅಡುಗೆಯನ್ನ ಬಿಟ್ಟಿ ತಿಂದು ಹೊಗಳೋವ್ರನ್ನ ನಮ್ಮಮ್ಮ ಯಾವತ್ತೂ ನಂಬಲಿಲ್ಲ. ನಾನು ಅಂಥವನಾಗಬಾರದು ಅಂತಿತ್ತು. ಆದ್ರೆ ನೀವು ಅಲ್ಲಿ ನಿಂತಿದ್ರಿ, ಕೆನ್ನೆ ಮೇಲೆ ಹಿಟ್ಟು ಮೆತ್ತಿಕೊಂಡು... ಒಂದು ಕಡೆ ಪಟ್ಟಿ. ಒಂದು ಕಡೆ ನೀವು. ನನ್ನಿಂದ ನಿಮಗೆ ಇಷ್ಟು ನೋವಾಗುತ್ತೆ ಅಂತ ಆವತ್ತು ಯೋಚಿಸಲಿಲ್ಲ. ಅದು ನನ್ನ ತಪ್ಪು. ಬೋಂಡಾ ತಿಂದದ್ದು ತಪ್ಪಲ್ಲ."

ಒಡಾಲಿ ಕಣ್ಣು ಕೆಳಗಿಳಿಸಿದಳು. ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದಿತ್ತು. ನಾಲ್ಕು ದಿನದಿಂದಲ್ಲ, ಬೇಸಿಗೆಯಿಂದಲೂ ಅವಳನ್ನು ತಿನ್ನುತ್ತಿದ್ದ ಪ್ರಶ್ನೆ.

"ಬೋಂಡಾ ಬಿಡಿ. ನನ್ನನ್ನೂ ಬಿಡಿ. ಅಡುಗೆ... ಅಡುಗೆ ಹೇಗಿತ್ತು?"

ಅವನು ಕೋಟಿನ ಒಳಜೇಬಿನಿಂದ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದು ಅವಳ ಕೈಗಿಟ್ಟ. ಮಡಿಕೆಗಳಲ್ಲಿ ಸವೆದುಹೋಗಿತ್ತು. ನವೆಂಬರ್‌ನ ಆ ಸೋಮವಾರದ ತಾರೀಕು. ಕೆಳಗೆ ನಾಲ್ಕು ಸಾಲು. ಸಾಲುಗಳ ಮೇಲೆ ಅಡ್ಡ ಗೀಟು. ಗೀಟಿನ ತುದಿಯಲ್ಲಿ ಬೆರಳಿನಷ್ಟಗಲ ಎಣ್ಣೆಯ ಕಲೆ.

"ಇದು ನೀವು ಅಡುಗೆಮನೆಯಿಂದ ಹೊರಗೆ ಬರೋ ಮೊದಲೇ ಬರೆದದ್ದು," ಅವನೆಂದ. "ನಿಮ್ಮ ಮುಖ ಕೂಡ ನೋಡಿರಲಿಲ್ಲ."

ಒಡಾಲಿ ಓದಿದಳು.

"ರೂಸೆವ್. ಪಟ್ಟಿಯಲ್ಲಿ ಮೊದಲನೆಯದು. ಈ ಬೀನ್ಸ್ ಬೇಯಿಸಿದ ಕೈಗೆ ಅವಸರವಿಲ್ಲ. ಯಾರೋ ಬಹಳ ವಯಸ್ಸಾದ, ಬಹಳ ಪಳಗಿದ ಕೈ ಇರಬೇಕು."

ಅಕ್ಷರಗಳು ಮಂಜಾದವು. ಆ ದಿನ ಬೆಳಿಗ್ಗೆ ನಾಲ್ಕಕ್ಕೆದ್ದು, ಮೂರು ಸಲ ಉಪ್ಪು ನೋಡಿ, ಅಜ್ಜಿಯ ಕೈಯಲ್ಲವಲ್ಲ ಎಂದು ಅತ್ತಿದ್ದಳು ಅವಳು. ಆ ಬೀನ್ಸ್... ಅದೇ ಬೀನ್ಸ್.

ಬಾಗಿಲ ಬಳಿಯಿಂದ ಅಜ್ಜಿಯ ದನಿ ಬಂತು. ಸೌಟು ಬೀದಿಯಲ್ಲಿದ್ದರೆ ಒಳಗೆ ಬಡಿಸುವುದು ಯಾರು, ಇದೇನು ಮನೆಯೋ ನಾಟಕದ ಕೊಟ್ಟಿಗೆಯೋ ಅಂತ. ಸಾಲಿನಲ್ಲಿದ್ದವರು ಗೊಳ್ಳೆಂದರು.

ಒಡಾಲಿ ಹಾಳೆಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಅವನ ಕೈ ಹಿಡಿದಳು. ಜನವರಿಯಲ್ಲಿ ದೋಣಿಯ ಮೇಲೆ ಉಳಿದುಹೋಗಿದ್ದ ಆ ಒಂದು ಬೆರಳಿನ ಜಾಗ ಈಗಿರಲಿಲ್ಲ.

ಪಾತ್ರೆಯಲ್ಲಿ ಉಳಿದದ್ದನ್ನು ಸಾಲಿನವರಿಗೆಲ್ಲ ಬಡಿಸಿ, ಕೊನೆಯ ಬಟ್ಟಲು ಅವನಿಗೆ. ಅಡುಗೆಮನೆಯ ಮೇಜಿನಲ್ಲಿ, ಸೊಪ್ಪಿನ ವಾಸನೆಯ ನಡುವೆ ಅವನು ಕುಳಿತ. ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ಕಿ‌ಟಕಿಯ ಹಸಿರು ಬೆಳಕು ಅವನ ಮುಖದ ಮೇಲೆ ನೀರಿನಂತೆ ಆಡುತ್ತಿತ್ತು.

"ನಿಮ್ಮಮ್ಮ ಉಂಡದ್ದು ಇದೇನಾ?" ಒಡಾಲಿ ಪಿಸುದನಿಯಲ್ಲಿ ಕೇಳಿದಳು.

"ಗೊತ್ತಿಲ್ಲ. ಗೊತ್ತಾಗೋಕೆ ಇನ್ನು ದಾರಿಯೂ ಇಲ್ಲ." ಅವನು ಕಣ್ಣೊರೆಸಿಕೊಂಡ. "ಆದ್ರೆ ಅಮ್ಮ ಇಲ್ಲಿ ಕೂತಿದ್ರೆ, ಬೇಗ ಏಳ್ತಿರಲಿಲ್ಲ."

ಅಂದೇ ಮೇ ತಿಂಗಳಿಗೆ ಬೇಕಾದ ಬೀನ್ಸ್ ಮೂಟೆಗಳಿಗೆ ಹೇಳಿ ಕಳಿಸಬೇಕು ಅಂತ ಒಡಾಲಿ ಅಲ್ಸೀ ಮಾಮನಿಗೆ ಕೂಗಿ ಹೇಳಿದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಅಜ್ಜಿ ಭೂತಗನ್ನಡಿಯನ್ನು ಸುಮ್ಮಸುಮ್ಮನೆ ಒರೆಸತೊಡಗಿದಳು.

ಗಂಬೋ ಮುಗಿಯುವ ಹೊತ್ತಿಗೆ ಎಣ್ಣೆ ಕಾದಿತ್ತು. ಒಡಾಲಿ ತಟ್ಟೆ ತಂದು ಅವನ ಮುಂದಿಟ್ಟಳು. ಎರಡು ಬೋಂಡಾ, ಮೇಲೆ ಸಕ್ಕರೆಪುಡಿ, ಇನ್ನೂ ಹಬೆಯಾಡುತ್ತಿತ್ತು.

ಅವನು ತಟ್ಟೆ ನೋಡಿದ. ಅವಳನ್ನು ನೋಡಿದ. ತುಟಿಯಂಚಿನಲ್ಲಿ ನಗು ಮೂಡಿತು.

"ಇದಕ್ಕೆ ಎಷ್ಟು ಕೊಡಬೇಕು?"

"ಈ ಸಲ ಇದಕ್ಕೆ ಬೆಲೆ ಇದೆ."

"ಹೇಳು."

"ಸೋಮವಾರ ಬರಬೇಕು."

ಅವನು ಒಂದು ಬೋಂಡಾ ಎತ್ತಿಕೊಂಡು ಕಚ್ಚಿದ. "ಯಾವ ಸೋಮವಾರ?"

ಅವಳು ಕೈ ಚಾಚಿ, ಅವನ ಮೂಗಿನ ತುದಿಗೆ ಅಂಟಿದ್ದ ಸಕ್ಕರೆಯನ್ನು ಬೆರಳಿನಿಂದ ಮೆಲ್ಲಗೆ ಒರೆಸಿದಳು. ನವೆಂಬರ್‌ನಿಂದ ಬಾಕಿ ಉಳಿದಿದ್ದ ಕೆಲಸ.

"ಎಲ್ಲಾ ಸೋಮವಾರ," ಅಂದಳು. "ನೀನು ಮಂಗಳವಾರವೂ ಉಳಿದುಕೊಂಡ್ರೆ, ಅದು ಕೊಸರು."